ಪೆಟ್ರೋಲ್ ಸುದ್ದಿ ಓದುವಾಗ ಅದರ ಹಿಂದೆ ಯಾವ ಕಂಪೆನಿ ಉಂಟು ಅಂತ ಹುಡುಕುವ ಕ್ರಮ

ನಮ್ಮ ಕೇರಳದ ಕಾಸರಗೋಡಿನ ಮಂಜೇಶ್ವರ, ಉಪ್ಪಳ ಕಡೆ ಪೆಟ್ರೋಲ್ ರೇಟಿನ ಬಗ್ಗೆ ಅಭಿಪ್ರಾಯ ಇಲ್ಲದ ಜನ ಇಲ್ಲ. ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಹೋದ್ರೆ ಲೀಟರಿಗೆ ನಾಲ್ಕು ಕಾಸು ಉಳೀತದೆ ಅಂತ ನಿನ್ನೆ ಲೈಸೆನ್ಸ್ ಸಿಕ್ಕಿದ ಹುಡುಗನಿಗೂ ಗೊತ್ತುಂಟು. ಗಲ್ಫಲ್ಲಿ ಒಬ್ಬನಾದ್ರೂ ಇಲ್ಲದ ಮನೆ ಕಮ್ಮಿ, ಹಾಗಾಗಿ ಎಣ್ಣೆ ಅಂದ್ರೆ ಅರಬ್ಬರದ್ದು, ಎಣ್ಣೆ ಮಾರುವ ದೇಶಗಳ ಕೂಟವಾದ ಒಪೆಕ್‌ನವ್ರು ಕೂತು ಹೇಳಿದ್ದೇ ರೇಟು ಅಂತ ಒಂದು ನಂಬಿಕೆ ನಮ್ಮಲ್ಲಿ ಗಟ್ಟಿ ಕೂತುಬಿಟ್ಟಿದೆ. ಅದೇ ವಿಟೋಲ್ ಅಂದ್ರೆ ಎಂತ, ಟ್ರಾಫಿಗುರಾ ಅಂದ್ರೆ ಎಂತ ಅಂತ ಕೇಳಿ ನೋಡಿ, ಜ್ವರದ ಮಾತ್ರೆಯಾ ಮಾರಾಯ್ರೆ ಅಂತ ವಾಪಸ್ ಕೇಳ್ತಾರೆ.

ಆ ನಂಬಿಕೆ ಪೂರ್ತಿ ಸುಳ್ಳಲ್ಲ, ಅರ್ಧ ನಿಜ. ಭೂಮಿ ಒಳಗಿರುವ ಎಣ್ಣೆಯ ಬಹುಪಾಲು ಇವತ್ತಿಗೂ ಸರ್ಕಾರಿ ಕಂಪೆನಿಗಳ ಕೈಲೇ ಉಂಟು, ಸೌದಿ ಅರಾಮ್ಕೊ, ಅಬುಧಾಬಿಯ ಅಡ್ನಾಕ್, ಇರಾನ್, ಇರಾಕ್, ಕುವೈತ್ ಎಲ್ಲ ಹಾಗೇ. ಆದ್ರೆ ಆ ಎಣ್ಣೆ ಬಾವಿಯಿಂದ ಹೊರಗೆ ಬಂದ ಮೇಲೆ ಬಂಕಿಗೆ ತಲುಪುವ ತನಕ ಯಾರ್ಯಾರ ಕೈ ದಾಟ್ತದೆ, ಅದನ್ನು ಮಾರುವವ ಯಾರು, ಅದಕ್ಕೆ ರೇಟು ಬರೆಯುವವ ಯಾರು, ಹಡಗಿಗೆ ಇನ್ಶೂರೆನ್ಸ್ ಕೊಡುವವ ಯಾರು ಅಂತ ನೋಡಿದ್ರೆ ಅಲ್ಲಿ ಹೆಚ್ಚಾಗಿ ಖಾಸಗಿಯವ್ರದ್ದೇ ಕಾರುಬಾರು. ಎಣ್ಣೆ ಯಾರದ್ದು ಅನ್ನುವುದಕ್ಕಿಂತ ಎಣ್ಣೆ ಈಗ ಯಾರ ಕೈಲಿ ಉಂಟು ಅಂತ ಕೇಳ್ಬೇಕು. ಹಾಗೆ ಕೇಳ್ಲಿಕ್ಕೆ ಎಲ್ಲೆಲ್ಲಿ ನೋಡ್ಬೇಕು, ಎಂತ ಲೆಕ್ಕ ಹಾಕ್ಬೇಕು ಅಂತ ಇಲ್ಲಿ ಬರ್ದಿದ್ದೇನೆ. ಶೇರು ಟಿಪ್ಸ್ ಬೇಕಾದವ್ರು ಇಲ್ಲಿಗೇ ನಿಲ್ಲಿಸ್ಬಹುದು.

ಮೊದ್ಲು ಯಜಮಾನ ಯಾರು ಅಂತ ನೋಡಿ

ಸುದ್ದಿಯಲ್ಲಿ ಒಂದು ಕಂಪೆನಿ ಹೆಸರು ಬಂದ ಕೂಡ್ಲೇ ಅದರ ಶೇರು ಯಾರ ಕೈಲಿ ಎಷ್ಟು ಉಂಟು ಅಂತ ಹುಡುಕಿ, ಎರಡು ನಿಮಿಷದ ಕೆಲ್ಸ. ಶೇರು ಪೇಟೆಯಲ್ಲಿ ಉಂಟು ಅಂತ ಖಾಸಗಿ ಆಗುವುದಿಲ್ಲ. ನಮ್ಮ ಮಂಗಳೂರಿನ ರಿಫೈನರಿ ಎಂಆರ್‌ಪಿಎಲ್ ಶೇರು ಪೇಟೆಯಲ್ಲಿ ಉಂಟು, ಆದ್ರೆ ಅದರ 70ಕ್ಕಿಂತ ಹೆಚ್ಚು ಪರ್ಸೆಂಟ್ ಕೇಂದ್ರ ಸರ್ಕಾರದ ಒಎನ್‌ಜಿಸಿಯದ್ದು. ಸೌದಿ ಅರಾಮ್ಕೊ 2019ರ ಡಿಸೆಂಬರಲ್ಲಿ ದೊಡ್ಡ ಗದ್ದಲ ಮಾಡಿ ಶೇರು ಬಿಟ್ಟಿತು, ಬಿಟ್ಟದ್ದು ಬರೀ ಒಂದೂವರೆ ಪರ್ಸೆಂಟ್. ನಾರ್ವೆಯ ಈಕ್ವಿನಾರ್ ನೋಡ್ಲಿಕ್ಕೆ ಪಕ್ಕಾ ಖಾಸಗಿ ಹಾಗೆ ಕಾಣ್ತದೆ, ಮೂರರಲ್ಲಿ ಎರಡು ಪಾಲು ನಾರ್ವೆ ಸರ್ಕಾರದ್ದು.

ಖಾಸಗಿಯಲ್ಲೂ ಎರಡು ಜಾತಿ ಉಂಟು, ಇದು ಮುಖ್ಯ. ಎಕ್ಸಾನ್‌ಮೊಬಿಲ್, ಶೆವ್ರಾನ್, ಶೆಲ್, ಬಿಪಿ, ನಮ್ಮ ರಿಲಯನ್ಸ್, ಇವ್ರೆಲ್ಲ ಶೇರು ಪೇಟೆಯಲ್ಲಿರುವವ್ರು, ಮೂರು ತಿಂಗಳಿಗೊಮ್ಮೆ ಲೆಕ್ಕ ತೋರಿಸ್ತಾರೆ. ಇನ್ನೊಂದು ಜಾತಿ ವಿಟೋಲ್, ಟ್ರಾಫಿಗುರಾ, ಗನ್ವರ್, ಮರ್ಕ್ಯುರಿಯಾದಂಥ ಟ್ರೇಡಿಂಗ್ ಕಂಪೆನಿಗಳು, ಯಜಮಾನಿಕೆ ಒಳಗಿನವ್ರ ಕೈಲೇ. ವಿಟೋಲ್ ಪೂರ್ತಿ ಅದರ ನೌಕರರದ್ದೇ, ಶೇರು ಪೇಟೆಗೆ ಬಂದೇ ಇಲ್ಲ, ಹಾಗಾಗಿ ಊರಿಗೆಲ್ಲ ಲೆಕ್ಕ ಒಪ್ಪಿಸುವ ಹಣೆಬರಹ ಅದಕ್ಕಿಲ್ಲ. ಇಂಥ ಒಂದು ಕಂಪೆನಿ ದಿನಕ್ಕೆ ಸುಮಾರು 70 ಲಕ್ಷ ಬ್ಯಾರೆಲ್ ಎಣ್ಣೆ ಕೈ ಬದಲಾಯಿಸ್ತದೆ. ಇಡೀ ಭಾರತ ಒಂದು ದಿನ ಸುಡುವುದು ಅದಕ್ಕಿಂತ ಕಮ್ಮಿ.

ಈ ಪರೀಕ್ಷೆ ಮಾಡದಿದ್ರೆ ಎಂತ ಆಗ್ತದೆ ಅನ್ನುವುದಕ್ಕೆ ನಯಾರಾ ಸಾಕು. ಮೊದ್ಲು ಎಸ್ಸಾರ್ ಆಗಿದ್ದದ್ದು, 2017ರಲ್ಲಿ ಮಾರಾಟ ಆಯ್ತು, ಗುಜರಾತಿನ ವಾಡಿನಾರ್ ರಿಫೈನರಿ ಮತ್ತೆ ಸಾವಿರಾರು ಬಂಕ್ ಸೇರಿ. ಪೇಪರಲ್ಲಿ ಯಾವಾಗ್ಲೂ ಖಾಸಗಿ ಕಂಪೆನಿ ಅಂತಲೇ ಬರೀತಾರೆ. ಅದರ 49.13 ಪರ್ಸೆಂಟ್ ರಷ್ಯಾದ ರೋಸ್ನೆಫ್ಟಿನದ್ದು, ಅಂದ್ರೆ ರಷ್ಯಾ ಸರ್ಕಾರದ ಹಿಡಿತದ ಕಂಪೆನಿ. ಇನ್ನೊಂದು ಅಷ್ಟೇ ದೊಡ್ಡ ಪಾಲಲ್ಲಿ ಆಗ ಅರ್ಧ ಟ್ರಾಫಿಗುರಾದ್ದಿತ್ತು, ಅದು 2023ರಲ್ಲಿ ಮಾರಿ ಹೊರಗೆ ಹೋಯ್ತು. ಹಾಗಾಗಿ ನಮ್ಮಲ್ಲಿ ಖಾಸಗಿ ಅಂತ ಕರೆಯುವ ಬಂಕಿನ ಹಿಂದೆ ಇನ್ನೊಂದು ದೇಶದ ಸರ್ಕಾರ ಕೂತಿರ್ತದೆ, ಸರ್ಕಾರಿ ಕಂಪೆನಿ ಕೊಳ್ಳುವ ಎಣ್ಣೆಯ ಹಿಂದೆ ಜಿನೀವಾದ ಖಾಸಗಿ ಟ್ರೇಡರ್ ಕೂತಿರ್ತಾನೆ.

ಹಳೇ ಕಥೆ ಇಷ್ಟು ಗೊತ್ತಿದ್ರೆ ಸಾಕು

ಉದ್ದ ಇತಿಹಾಸ ಬೇಡ. 1970ರ ತನಕ ಪಶ್ಚಿಮದ ಏಳು ಕಂಪೆನಿಗಳು ಬಾವಿಯಿಂದ ಬಂಕಿನ ತನಕ ಎಲ್ಲ ತಮ್ಮದೇ ಇಟ್ಕೊಂಡಿದ್ದವು, ಸೆವೆನ್ ಸಿಸ್ಟರ್ಸ್ ಅಂತ ಹೆಸರು. 1960ರಲ್ಲಿ ಬಾಗ್ದಾದಲ್ಲಿ ಒಪೆಕ್ ಹುಟ್ಟಿತು, 70ರ ದಶಕದಲ್ಲಿ ಇರಾಕ್, ಕುವೈತ್, ವೆನೆಜುವೆಲಾ ಒಂದೊಂದಾಗಿ ಬಾವಿಗಳನ್ನು ರಾಷ್ಟ್ರೀಕರಣ ಮಾಡಿದವು, ಸೌದಿ 1980ರಲ್ಲಿ ಅರಾಮ್ಕೊವನ್ನು ಪೂರ್ತಿ ಕೊಂಡಿತು. ನಮ್ಮಲ್ಲೂ ಅದೇ ಗಾಳಿ, ಎಸ್ಸೊ ಹೋಗಿ ಎಚ್‌ಪಿ ಆಯ್ತು, 1976ರಲ್ಲಿ ಬರ್ಮಾ ಶೆಲ್ ಹೋಗಿ ಸರ್ಕಾರಿ ಬಿಪಿಸಿಎಲ್ ಆಯ್ತು.

ಸಾಮಾನ್ಯವಾಗಿ ಕಥೆ ಇಲ್ಲಿಗೆ ಮುಗಿಸ್ತಾರೆ, ಜನ ಗೆದ್ರು ಕಂಪೆನಿ ಸೋತಿತು ಅಂತ. ಆದ್ರೆ ಬಾವಿ ಕೈಗೆ ಬಂದ ಸರ್ಕಾರಗಳಿಗೆ ಒಂದು ತಾಪತ್ರಯ ಶುರುವಾಯ್ತು. ಎಣ್ಣೆ ಉಂಟು, ಮಾರುವ ಜಾಲ ಇಲ್ಲ, ಹಡಗಿಲ್ಲ, ಗಿರಾಕಿ ಪರಿಚಯ ಇಲ್ಲ. ಆ ಜಾಗಕ್ಕೆ ನುಗ್ಗಿದವ್ರೇ ಟ್ರೇಡರ್‌ಗಳು. ಮಾರ್ಕ್ ರಿಚ್ ಅಂತ ಒಬ್ಬ ಇದ್ದ, ಅವನ ಕಂಪೆನಿಯೇ ಮುಂದೆ ಗ್ಲೆನ್‌ಕೋರ್ ಆದದ್ದು, ಅಲ್ಲಿಂದ ಹೊರಗೆ ಬಂದವ್ರು 1993ರಲ್ಲಿ ಟ್ರಾಫಿಗುರಾ ಮಾಡಿದ್ರು. ನನ್ನ ಲೆಕ್ಕದಲ್ಲಿ ರಾಷ್ಟ್ರೀಕರಣ ಒಂದು ಜಾತಿಯ ಖಾಸಗಿಯವರನ್ನು ಓಡಿಸಿ ಇನ್ನೊಂದು ಜಾತಿಯವರಿಗೆ ಬಾಗಿಲು ತೆರೆಯಿತು, ಅಷ್ಟೇ.

ನಮ್ಮ ಜಿಲ್ಲೆ ಎರಡು ರಿಫೈನರಿಗಳ ಮಧ್ಯೆ ಕೂತಿರುವುದರಿಂದ ಈ ಹಾವು ಏಣಿ ಆಟ ನೋಡ್ಲಿಕ್ಕೆ ದೂರ ಹೋಗುವ ಅಗತ್ಯ ಇಲ್ಲ. ಬಡಗು ಬದಿಯ ಎಂಆರ್‌ಪಿಎಲ್ 1988ರಲ್ಲಿ ಶುರುವಾದದ್ದೇ ಸರ್ಕಾರಿ ಎಚ್‌ಪಿಸಿಎಲ್ ಮತ್ತು ಖಾಸಗಿ ಆದಿತ್ಯ ಬಿರ್ಲಾ ಗುಂಪಿನ ಪಾಲುದಾರಿಕೆಯಲ್ಲಿ, 2003ರಲ್ಲಿ ಒಎನ್‌ಜಿಸಿ ತಕ್ಕೊಂಡು ಅದು ಸರ್ಕಾರಿ ಆಯ್ತು. ತೆಂಕು ಬದಿಯ ಕೊಚ್ಚಿ ರಿಫೈನರಿ 1963ರಲ್ಲಿ ಅಮೆರಿಕದ ಫಿಲಿಪ್ಸ್ ಕಂಪೆನಿ ಪಾಲು ಇದ್ದು ಶುರುವಾಗಿ ಕೊನೆಗೆ ಬಿಪಿಸಿಎಲ್ ಒಳಗೆ ಸೇರಿತು. ಆ ಬಿಪಿಸಿಎಲ್ಲನ್ನೇ ಮಾರುವುದು ಅಂತ ಕೇಂದ್ರ 2019ರಲ್ಲಿ ತೀರ್ಮಾನ ಮಾಡಿತು, 52.98 ಪರ್ಸೆಂಟ್, ಕೇರಳದಲ್ಲಿ ಯೂನಿಯನ್‌ಗಳು ಗಲಾಟೆ ಮಾಡಿದವು, ಕೊನೆಗೆ ಕೊಳ್ಳುವವ್ರು ಸಾಲದೆ 2022ರ ಮೇಯಲ್ಲಿ ಕೈ ಬಿಟ್ಟರು.

ಸಾಲ ಅನ್ನುವ ಶಬ್ದ ಕಂಡಲ್ಲಿ ನಿಲ್ಲಿ

ಎಣ್ಣೆ ಸುದ್ದಿಯಲ್ಲಿ ಪ್ರಿಪೇಮೆಂಟ್, ಆಫ್‌ಟೇಕ್, ಆಯಿಲ್ ಬ್ಯಾಕ್ಡ್ ಲೋನ್ ಅಂತ, ಅಂದ್ರೆ ಎಣ್ಣೆ ಕೊಡ್ತೇನೆ ಅಂತ ಮೊದ್ಲೇ ದುಡ್ಡು ತಕ್ಕೊಳ್ಳುವ ಕರಾರು, ಬಂದ್ರೆ ಆ ವಾಕ್ಯವನ್ನು ಹಾರಿಸ್ಬೇಡಿ, ಮುಖ್ಯ ವಿಷಯ ಅಲ್ಲೇ ಇರ್ತದೆ. ಬದಿಯಡ್ಕ, ಮುಳ್ಳೇರಿಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳ್ಬೇಕಂತಿಲ್ಲ. ಮಗಳ ಮದುವೆಗೆ ಅಂಗಡಿಯವನ ಹತ್ರ ಮುಂಗಡ ತಕ್ಕೊಂಡ ಮೇಲೆ ಆ ವರ್ಷದ ಅಡಿಕೆ ಅವನ ಅಂಗಡಿಗೇ ಹೋಗ್ಬೇಕು, ರೇಟು ಸರಿ ಇಲ್ಲ ಅಂತ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋಗೆ ಹಾಕ್ಲಿಕ್ಕೆ ಆಗುವುದಿಲ್ಲ. ಅದನ್ನೇ ದೇಶದ ಮಟ್ಟದಲ್ಲಿ ಮಾಡುವುದು.

ಆಫ್ರಿಕಾದ ಚಾಡ್ ದೇಶ 2013, 2014ರಲ್ಲಿ ಗ್ಲೆನ್‌ಕೋರ್ ಮುಂದೆ ನಿಂತು ಕೊಟ್ಟ ನೂರು ಕೋಟಿ ಡಾಲರಿಗಿಂತ ಹೆಚ್ಚು ಸಾಲ ತಕ್ಕೊಂಡಿತು, ಎಣ್ಣೆ ಕೊಟ್ಟು ತೀರಿಸುವುದು ಅಂತ ಮಾತು. 2014ರ ಕೊನೆಗೆ ಕಚ್ಚಾ ತೈಲದ ರೇಟು ದಡಾರಂತ ಬಿತ್ತು. ರೇಟು ಬಿದ್ದಾಗ ಅದೇ ಕಂತು ತೀರಿಸ್ಲಿಕ್ಕೆ ಡಬಲ್ ಎಣ್ಣೆ ಕೊಡ್ಬೇಕು, ಸರ್ಕಾರದ ಎಣ್ಣೆ ದುಡ್ಡೆಲ್ಲ ಸಾಲಕ್ಕೇ ಹೋಗ್ಲಿಕ್ಕೆ ಶುರುವಾಗಿ 2015ರಲ್ಲೊಮ್ಮೆ, 2018ರಲ್ಲಿ ಇನ್ನೊಮ್ಮೆ ಷರತ್ತು ಬದಲಿಸ್ಬೇಕಾಯ್ತು. ಬಾವಿ ಸರ್ಕಾರದ್ದೇ, ಕಾಗದದಲ್ಲಿ ಎಂತದೂ ಬದಲಾಗ್ಲಿಲ್ಲ. ಇನ್ನೊಂದು, 2011ರಲ್ಲಿ ಲಿಬಿಯಾದಲ್ಲಿ ಗದ್ದಾಫಿ ವಿರುದ್ಧ ಎದ್ದವರಿಗೆ ಡೀಸೆಲ್, ಪೆಟ್ರೋಲ್ ಉದ್ರಿಗೆ ತಲುಪಿಸಿದ್ದು ವಿಟೋಲ್, ಬಾಕಿ ನೂರು ಕೋಟಿ ಡಾಲರ್ ಹತ್ರ ಹೋಗಿತ್ತು. ಯುದ್ಧದಲ್ಲಿ ಯಾವ ಪಕ್ಷದ ಗಾಡಿ ಓಡ್ಬೇಕು ಅಂತ ಒಂದು ಕಂಪೆನಿಯ ಉದ್ರಿ ಪುಸ್ತಕ ತೀರ್ಮಾನ ಮಾಡುವುದು ಅಂದ್ರೆ ಸಣ್ಣ ಸಂಗತಿ ಅಲ್ಲ.

ಹಾಗಾಗಿ ಇಂಥ ಸುದ್ದಿ ಬಂದಾಗ ಕೇಳ್ಬೇಕಾದ್ದು ಮೂರೇ: ಎಷ್ಟು ದುಡ್ಡು, ಎಷ್ಟು ವರ್ಷಕ್ಕೆ, ತೀರಿಸುವುದು ಡಾಲರಲ್ಲಾ ಬ್ಯಾರೆಲ್ಲಾ. ಬ್ಯಾರೆಲ್ ಅಂತಾದ್ರೆ ಯಜಮಾನಿಕೆ ಅರ್ಧ ಆಗ್ಲೇ ಕೈ ಬದಲಾಗಿದೆ ಅಂತ ತಿಳ್ಕೊಳ್ಳಿ.

ಹೊಸ ಬಾವಿ ಸಿಕ್ಕಿತು ಅಂತ ಸುದ್ದಿ ಬಂದ್ರೆ ಒಪ್ಪಂದ ಹುಡುಕಿ

ದಕ್ಷಿಣ ಅಮೆರಿಕದ ಗಯಾನಾದ ಇಡೀ ಜನಸಂಖ್ಯೆ ನಮ್ಮ ಕಾಸರಗೋಡು ಜಿಲ್ಲೆಯದ್ದಕ್ಕಿಂತ ಕಮ್ಮಿ. ಅಲ್ಲಿ 2015ರಲ್ಲಿ ಸಮುದ್ರದ ಅಡಿ ಎಣ್ಣೆ ಸಿಕ್ಕಿತು, 2019ರ ಕೊನೆಗೆ ತೆಗೀಲಿಕ್ಕೆ ಶುರು, 2024ರಲ್ಲಿ ದಿನಕ್ಕೆ 6 ಲಕ್ಷ ಬ್ಯಾರೆಲ್ ದಾಟಿತು. ಪೇಪರಲ್ಲಿ ಎಲ್ಲ ಬಡ ದೇಶಕ್ಕೆ ಲಾಟರಿ ಅಂತ. ಎಕ್ಸಾನ್ ಗುಂಪಿನ ಜೊತೆ ಮಾಡಿದ 2016ರ ಒಪ್ಪಂದ ಮಾತ್ರ ಹೀಗುಂಟು: ರಾಯಲ್ಟಿ 2 ಪರ್ಸೆಂಟ್, ಬಂದ ಎಣ್ಣೆಯಲ್ಲಿ 75 ಪರ್ಸೆಂಟ್ ತನಕ ಕಂಪೆನಿಗಳು ಖರ್ಚಿನ ಬಾಬ್ತು ಅಂತ ಮೊದ್ಲೇ ಇಟ್ಕೊಳ್ಬಹುದು, ಉಳಿದ 25ರಲ್ಲಿ ಅರ್ಧ ಅರ್ಧ. ನೀವೇ ಕೂಡಿಸಿ, ಖರ್ಚು ತೀರುವ ತನಕ ನೂರು ಬ್ಯಾರೆಲಲ್ಲಿ ದೇಶಕ್ಕೆ ಬರುವುದು ಹನ್ನೆರಡೂವರೆ, ಅದರ ಮೇಲೆ ರಾಯಲ್ಟಿ ಎರಡು. ಖರ್ಚು ತೀರಿದ ಮೇಲೆ ಹೆಚ್ಚು ಬರ್ತದೆ, ಆದ್ರೆ ಖರ್ಚಿನ ಲೆಕ್ಕ ಬರೆಯುವವ್ರೂ ಅವ್ರೇ ಅಲ್ವಾ.

ಎಣ್ಣೆ ಸಿಕ್ಕಿದ ಆ ಸಮುದ್ರದ ಬ್ಲಾಕಲ್ಲಿ ಆಗ ಎಕ್ಸಾನ್ 45, ಹೆಸ್ 30, ಚೀನಾದ ಸರ್ಕಾರಿ ಸಿನೂಕ್ 25 ಪರ್ಸೆಂಟ್ ಇತ್ತು. ಹೆಸ್ ಕಂಪೆನಿಯನ್ನು ಶೆವ್ರಾನ್ 5,300 ಕೋಟಿ ಡಾಲರಿಗೆ ಕೊಳ್ತೇನೆ ಅಂತ 2023ರಲ್ಲಿ ಹೇಳಿದಾಗ ಎಕ್ಸಾನ್ ಮತ್ತು ಸಿನೂಕ್ ಸೇರಿ ತಕರಾರು ಎತ್ತಿದವು, ಆ 30 ಪರ್ಸೆಂಟ್ ಮೊದ್ಲು ನಮಗೆ ಕೊಡ್ಬೇಕು ಅಂತ. 2025ರ ಜುಲೈಯಲ್ಲಿ ಪಂಚಾಯ್ತಿ ತೀರ್ಪು ಶೆವ್ರಾನ್ ಕಡೆ ಆಯ್ತು. ಒಂದು ದೇಶದ ಸಮುದ್ರದ ಅಡಿ ಇರುವ ಎಣ್ಣೆಗೆ ಜಗಳ, ಜಗಳ ನಡೆದದ್ದು ಕಂಪೆನಿ ಕಂಪೆನಿ ಮಧ್ಯೆ. ಇದೇ ಹೊತ್ತಲ್ಲಿ ಎಕ್ಸಾನ್ ಅಮೆರಿಕದ ಪಯೊನಿಯರನ್ನು ಸುಮಾರು 6,000 ಕೋಟಿ ಡಾಲರಿಗೆ ನುಂಗಿತು. ಅಮೆರಿಕ ಈಗ ಪ್ರಪಂಚದಲ್ಲೇ ಅತಿ ಹೆಚ್ಚು ಕಚ್ಚಾ ತೈಲ ತೆಗೆಯುವ ದೇಶ, ಸೌದಿಗಿಂತ ಹೆಚ್ಚು, ಅಲ್ಲಿ ಸರ್ಕಾರಿ ಎಣ್ಣೆ ಕಂಪೆನಿ ಅಂತಲೇ ಒಂದಿಲ್ಲ. ಒಪೆಕ್‌ನವ್ರು ಕಡಿತ ಮಾಡಿದ್ರೂ ರೇಟು ಏರ್ಲಿಲ್ಲ ಅಂತ ಸುದ್ದಿ ಬಂದ್ರೆ ಅದರ ಹಿಂದೆ ಹೆಚ್ಚಾಗಿ ಟೆಕ್ಸಾಸಿನ ಈ ಖಾಸಗಿ ಬಾವಿಗಳೇ ಇರ್ತವೆ.

ರೇಟು ಬರೆಯುವವ ಯಾರು

ಇದು ನನಗೆ ಈ ಇಡೀ ವ್ಯವಹಾರದಲ್ಲಿ ಅತಿ ಆಶ್ಚರ್ಯದ ಭಾಗ. ಬ್ರೆಂಟ್ ಇವತ್ತು ಇಷ್ಟು ಡಾಲರ್, ದುಬೈ ಇಷ್ಟು ಡಾಲರ್ ಅಂತ ಓದ್ತೇವಲ್ಲ (ಇವು ಬೇರೆ ಎಣ್ಣೆಗೆ ರೇಟು ಅಳೀಲಿಕ್ಕೆ ಬಳಸುವ ಕಚ್ಚಾ ತೈಲದ ಜಾತಿಗಳು), ಟರ್ಮ್ ಒಪ್ಪಂದಗಳಲ್ಲಿ, ಅಂದ್ರೆ ದೀರ್ಘಾವಧಿಯ ಮಾರಾಟದ ಕರಾರಲ್ಲಿ, ಬಳಸುವ ಆ ಅಂಕೆಯನ್ನು ಯಾವ ಸರ್ಕಾರವೂ ಬರೆಯುವುದಿಲ್ಲ, ಒಪೆಕ್ಕೂ ಬರೆಯುವುದಿಲ್ಲ. ಪ್ಲಾಟ್ಸ್ ಅಂತ ಒಂದು ಖಾಸಗಿ ಕಂಪೆನಿ ಬರೀತದೆ, ಆರ್ಗಸ್ ಅಂತ ಇನ್ನೊಂದು ಉಂಟು. ದುಬೈ ಎಣ್ಣೆಗೆ ಸಿಂಗಾಪುರದ ಗಡಿಯಾರದಲ್ಲಿ ಸಂಜೆ ನಾಲ್ಕೂವರೆಗೆ, ಬ್ರೆಂಟಿಗೆ ಲಂಡನಿನ ನಾಲ್ಕೂವರೆಗೆ. ಆ ಹೊತ್ತಿಗೆ ಟ್ರೇಡರ್‌ಗಳು ಕೊಳ್ತೇನೆ ಮಾರ್ತೇನೆ ಅಂತ ಹಾಕುವ ಬಿಡ್ ನೋಡಿ ಅಂದಿನ ರೇಟು ತೀರ್ಮಾನ. ಸೌದಿ ಅರಾಮ್ಕೊ ಏಷ್ಯಾಕ್ಕೆ ಮಾರುವಾಗ ಹೇಳುವುದು ಪೂರ್ತಿ ರೇಟಲ್ಲ, ಆ ದುಬೈ ಮತ್ತು ಒಮಾನ್ ಅಂಕೆಯ ಸರಾಸರಿಯ ಮೇಲೆ ಇಷ್ಟು ಹೆಚ್ಚು ಅಥವಾ ಇಷ್ಟು ಕಮ್ಮಿ ಅಂತ ಮಾತ್ರ.

ಇದರಲ್ಲಿ ಮೋಸ ಉಂಟಾ ಅಂತ ಕೇಳಿದ್ರೆ, 2013ರಲ್ಲಿ ಯುರೋಪಿಯನ್ ಕಮಿಷನ್ ಶೆಲ್, ಬಿಪಿ, ಸ್ಟಾಟಾಯಿಲ್ (ಈಗಿನ ಈಕ್ವಿನಾರ್), ಪ್ಲಾಟ್ಸ್ ಆಫೀಸುಗಳಿಗೆ ದಾಳಿ ಮಾಡಿತ್ತು, 2015ರಲ್ಲಿ ಕೇಸು ಮುಂದುವರಿಸದೆ ಮುಚ್ಚಿತು. ಹಾಗಾಗಿ ನಾನು ಮೋಸ ಅಂತ ಹೇಳುವುದಿಲ್ಲ. ಆದ್ರೆ ಅಳತೆ ಕೋಲು ಯಾರ ಕೈಲಿ ಉಂಟು ಅಂತ ಗೊತ್ತಿರ್ಬೇಕು. ಟಿವಿಯಲ್ಲಿ ಒಪೆಕ್ ರೇಟು ಏರಿಸಿತು ಅಂದ್ರೆ ಅದು ತಪ್ಪು, ಒಪೆಕ್ ಎಣ್ಣೆ ಕಮ್ಮಿ ಬಿಟ್ಟಿತು ಅಂತ ಹೇಳ್ಬೇಕು.

ಬಂಕಿನ ಬಿಲ್ಲಿನಲ್ಲಿ ಲೆಕ್ಕ ಹಾಕುವುದು

ಒಂದು ಬ್ಯಾರೆಲ್ ಅಂದ್ರೆ 159 ಲೀಟರ್. ಕಚ್ಚಾ ತೈಲದ ಡಾಲರ್ ರೇಟನ್ನು ಆ ದಿನದ ರೂಪಾಯಿ ರೇಟಿಂದ ಗುಣಿಸಿ 159ರಿಂದ ಭಾಗಿಸಿ. ಉದಾಹರಣೆಗೆ ಬ್ಯಾರೆಲಿಗೆ 75 ಡಾಲರ್, ಡಾಲರಿಗೆ 88 ರೂಪಾಯಿ ಅಂತ ಇಟ್ಕೊಳ್ಳಿ, 6,600 ರೂಪಾಯಿ ಆಯ್ತು, ಭಾಗಿಸಿದ್ರೆ ಲೀಟರಿಗೆ ನಲ್ವತ್ತೊಂದೂವರೆ. ಬಿಲ್ಲಲ್ಲಿ ಬರೆದ ರೇಟಿಗೂ ಇದಕ್ಕೂ ಮಧ್ಯೆ ಇರುವ ಗ್ಯಾಪಲ್ಲಿ ಹಡಗಿನ ಬಾಡಿಗೆ, ರಿಫೈನರಿ ಲಾಭ, ಕೇಂದ್ರದ ಎಕ್ಸೈಸ್, ಡೀಲರ್ ಕಮಿಷನ್, ರಾಜ್ಯದ ತೆರಿಗೆ ಎಲ್ಲ ಬಂತು. ಭಾರತಕ್ಕೆ ಲೆಕ್ಕ ಹಾಕುವಾಗ ಟಿವಿಯ ಬ್ರೆಂಟ್ ರೇಟು ಬೇಡ, ಕೇಂದ್ರದ ಪಿಪಿಎಸಿ ಅಂತ ವೆಬ್‌ಸೈಟ್ ಉಂಟು, ಅದರಲ್ಲಿ ಇಂಡಿಯನ್ ಬಾಸ್ಕೆಟ್ ಅಂತ ಭಾರತದ ರಿಫೈನರಿಗಳಿಗೆ ಬರುವ ಕಚ್ಚಾ ತೈಲದ ಸರಾಸರಿ ರೇಟು ಹಾಕ್ತಾರೆ, ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಒಮಾನ್ ದುಬೈ, ಉಳಿದದ್ದು ಬ್ರೆಂಟ್.

ಒಂದು ವಿಷಯ ಮಾತ್ರ ಕಂಪೆನಿಗಳ ತಲೆಗೆ ಕಟ್ಬೇಡಿ. ಕರ್ನಾಟಕಕ್ಕೂ ನಮಗೂ ಇರುವ ವ್ಯತ್ಯಾಸ ಹೆಚ್ಚುಕಮ್ಮಿ ಪೂರ್ತಿ ತೆರಿಗೆಯದ್ದು. ಪೆಟ್ರೋಲ್, ಡೀಸೆಲ್ ಜಿಎಸ್‌ಟಿ ಒಳಗಿಲ್ಲ, ರಾಜ್ಯ ತನಗೆ ಬೇಕಾದಷ್ಟು ಹಾಕ್ಬಹುದು, ಕೇರಳ 2023ರ ಏಪ್ರಿಲಿಂದ ಪೆನ್ಶನ್ ಬಾಬ್ತು ಅಂತ ಲೀಟರಿಗೆ 2 ರೂಪಾಯಿ ಸೆಸ್ ಬೇರೆ ಹಾಕಿತು. ತಿರುವನಂತಪುರ ಡೆಲ್ಲಿ ಕಡೆ ಬೆರಳು ತೋರಿಸ್ತದೆ, ಡೆಲ್ಲಿ ತಿರುವನಂತಪುರ ಕಡೆ ತೋರಿಸ್ತದೆ, ಇಬ್ಬರೂ ಸೇರಿ ಕಂಪೆನಿ ಕಡೆ ತೋರಿಸ್ತಾರೆ.

2022 ಒಂದನ್ನು ಸರಿಯಾಗಿ ನೋಡಿ

ಖಾಸಗಿ ಸರ್ಕಾರಿ ವ್ಯತ್ಯಾಸ ಕಣ್ಣಿಗೆ ಹೊಡೆಯುವ ಹಾಗೆ ಕಂಡದ್ದು ಆ ವರ್ಷ, ಹಾಗಾಗಿ ಸ್ವಲ್ಪ ಉದ್ದ ಬರೀತೇನೆ. ಮೊದ್ಲು ಎರಡು ಅಂಕೆ ತಲೆಯಲ್ಲಿ ಇಟ್ಕೊಳ್ಳಿ. ಭಾರತದ ಬಂಕುಗಳಲ್ಲಿ ಖಾಸಗಿಯವ್ರದ್ದು ಹತ್ತರಲ್ಲಿ ಒಂದೂ ಇಲ್ಲ. ಆದ್ರೆ ರಿಫೈನರಿ ಸಾಮರ್ಥ್ಯದಲ್ಲಿ ರಿಲಯನ್ಸ್ ಮತ್ತು ನಯಾರಾ ಎರಡೇ ಸೇರಿ ಸುಮಾರು ಮೂರರಲ್ಲಿ ಒಂದು ಪಾಲು, ಜಾಮ್‌ನಗರ ಒಂದೇ ಜಾಗದಲ್ಲಿ ದಿನಕ್ಕೆ 12 ಲಕ್ಷ ಬ್ಯಾರೆಲಿಗಿಂತ ಹೆಚ್ಚು, ಪ್ರಪಂಚದಲ್ಲೇ ದೊಡ್ಡದು. ಅಂದ್ರೆ ಅವ್ರಿಗೆ ಇಲ್ಲಿ ಮಾರ್ಲೇಬೇಕು ಅಂತ ಇಲ್ಲ, ಹಡಗಿಗೆ ತುಂಬಿಸಿ ಹೊರಗೆ ಕಳಿಸ್ಬಹುದು.

2022ರಲ್ಲಿ ಯುಕ್ರೇನ್ ಯುದ್ಧ ಶುರುವಾಗಿ ಡೀಸೆಲ್ ರೇಟು ಪ್ರಪಂಚದಲ್ಲಿ ಆಕಾಶಕ್ಕೆ ಹೋಯ್ತು. ಸರ್ಕಾರಿ ಕಂಪೆನಿಗಳು ಮಾರ್ಚ್ ಕೊನೆಯಿಂದ ಏಪ್ರಿಲ್ 6ರ ತನಕ ಒಟ್ಟು ಹತ್ತು ರೂಪಾಯಿ ಏರಿಸಿ ನಿಲ್ಲಿಸಿಬಿಟ್ಟವು. ದಿನಾ ಬೆಳಿಗ್ಗೆ 6 ಗಂಟೆಗೆ ರೇಟು ಬದಲಾಗುವ ವ್ಯವಸ್ಥೆ 2017ರಿಂದ ಉಂಟು, ಆದ್ರೆ ಕಂಪೆನಿಗಳು ತಮ್ಮ ರೇಟು ಅಲ್ಲಾಡಿಸ್ಲಿಲ್ಲ. ನಷ್ಟದಲ್ಲಿ ಮಾರಿದ್ರು, ಏಪ್ರಿಲಿಂದ ಜೂನ್ ಮೂರು ತಿಂಗಳಲ್ಲಿ ಇಂಡಿಯನ್ ಆಯಿಲ್, ಬಿಪಿಸಿಎಲ್, ಎಚ್‌ಪಿ ಮೂರಕ್ಕೂ ಸೇರಿ 18,480 ಕೋಟಿ ರೂಪಾಯಿ ನಷ್ಟ. ಖಾಸಗಿ ಬಂಕುಗಳು ಒಂದೋ ರೇಟು ಹೆಚ್ಚು ಇಟ್ಟವು ಅಲ್ಲಾಂದ್ರೆ ಮಾರುವುದನ್ನೇ ಕಮ್ಮಿ ಮಾಡಿದವು, ರಿಫೈನರಿಯ ಮಾಲು ಒಳ್ಳೆ ರೇಟು ಸಿಗುವ ಕಡೆ ಹಡಗು ಹತ್ತಿತು. ಅಷ್ಟರ ಮೇಲೆ ರಷ್ಯಾದಿಂದ ಡಿಸ್ಕೌಂಟ್ ಎಣ್ಣೆ, ಯುದ್ಧಕ್ಕೆ ಮೊದ್ಲು ಭಾರತದ ಆಮದಲ್ಲಿ ರಷ್ಯಾದ ಪಾಲು ಎರಡು ಪರ್ಸೆಂಟ್ ಕೂಡ ಇರ್ಲಿಲ್ಲ, ಆಮೇಲೆ ಮೂರರಲ್ಲಿ ಒಂದು ಪಾಲು ದಾಟಿತು, ದೊಡ್ಡ ಗಿರಾಕಿಗಳಲ್ಲಿ ರಿಲಯನ್ಸ್, ನಯಾರಾ ಇಬ್ಬರೂ ಇದ್ದರು.

ಸರ್ಕಾರ ಜೂನಲ್ಲಿ ಖಾಸಗಿ ಬಂಕುಗಳೂ ಮಾರ್ಲೇಬೇಕು ಅಂತ ನಿಯಮ ತಂದಿತು, ಜುಲೈ 1ಕ್ಕೆ ವಿಂಡ್‌ಫಾಲ್ ಟ್ಯಾಕ್ಸ್ (ದಿಢೀರ್ ಬಂದ ಲಾಭದ ಮೇಲಿನ ತೆರಿಗೆ) ಹಾಕಿತು, ರಫ್ತು ಮಾಡುವ ಪೆಟ್ರೋಲಿಗೆ ಲೀಟರಿಗೆ 6, ಡೀಸೆಲಿಗೆ 13 ರೂಪಾಯಿ. 2024ರ ಡಿಸೆಂಬರಲ್ಲಿ ತೆಗೆದರು. ಕಂಪೆನಿ ಮಾಡಿದ್ದು ಕಾನೂನಿಗೆ ವಿರುದ್ಧ ಅಲ್ಲ, ವ್ಯಾಪಾರಿ ರೇಟು ಇದ್ದ ಕಡೆ ಮಾರ್ತಾನೆ. 2008ರಲ್ಲಿ ಇದರ ಉಲ್ಟಾ ನಡೆದಿತ್ತು ಅಂತ ಕೂಡ ನೆನಪಿಡಿ, ಆಗ ಸಬ್ಸಿಡಿ ಬರೀ ಸರ್ಕಾರಿ ಬಂಕಿಗೆ ಇದ್ದ ಕಾರಣ ರಿಲಯನ್ಸ್ ತನ್ನ ಸಾವಿರಕ್ಕಿಂತ ಹೆಚ್ಚು ಬಂಕುಗಳನ್ನು ಮುಚ್ಚಬೇಕಾಯ್ತು. ನನ್ನ ಅಭಿಪ್ರಾಯ ಕೇಳಿದ್ರೆ, ಕಷ್ಟಕಾಲದಲ್ಲಿ ಬೋರ್ಡ್ ಅಲ್ಲಾಡದೆ ನಿಲ್ಲಿಸ್ಲಿಕ್ಕೆ ಒಂದು ಸರ್ಕಾರಿ ಬಂಕ್ ಬೇಕೇ ಬೇಕು, ಆದ್ರೆ ಅದರ ನಷ್ಟ ಆಮೇಲೆ ರೇಟು ಇಳಿದಾಗ ನಮ್ಮಿಂದಲೇ ವಸೂಲಿ ಆಗ್ತದೆ, ಕಚ್ಚಾ ತೈಲ ಇಳಿದ್ರೂ ಕಂಪೆನಿಗಳು ತಮ್ಮ ರೇಟು 2024ರ ಮಾರ್ಚ್ ತನಕ ಇಳಿಸ್ಲಿಲ್ಲ, ಇಳಿಸಿದ್ದೂ ಎರಡೇ ರೂಪಾಯಿ.

ಫೋನಲ್ಲಿ ಹಡಗು ನೋಡುವುದು

ಮರೀನ್‌ಟ್ರಾಫಿಕ್ ಅಂತ ಆ್ಯಪ್ ಉಂಟು, ಫ್ರೀಯಾಗಿ ಸಿಗುವಷ್ಟು ಸಾಕು. ತೆರೆದು ಮಂಗಳೂರಿನ ಹೊರಗೆ ಸಮುದ್ರ ದೊಡ್ಡ ಮಾಡಿ ನೋಡಿ, ಕೆಂಪು ಬಣ್ಣದ್ದು ಟ್ಯಾಂಕರ್, ಹಸಿರು ಸರಕು ಹಡಗು. ಕೆಂಪನ್ನು ಒತ್ತಿದ್ರೆ ಹೆಸರು, ಯಾವ ದೇಶದ ಬಾವುಟ, ಎಲ್ಲಿಗೆ ಅಂತ ಬರ್ತದೆ. ಬಾವುಟ ಲೈಬೀರಿಯಾ, ಮಾರ್ಷಲ್ ಐಲ್ಯಾಂಡ್ಸ್ ಅಂತ ಇದ್ರೆ ಯಜಮಾನ ಅಲ್ಲಿಯವ ಅಂತ ಅಲ್ಲ, ಹೆಚ್ಚಾಗಿ ಗ್ರೀಸಿನ ಯಾರೋ ಶ್ರೀಮಂತ ಕುಟುಂಬದ್ದಿರ್ತದೆ. ಎಲ್ಲಿಗೆ ಅನ್ನುವ ಜಾಗದಲ್ಲಿ ಕೆಲವೊಮ್ಮೆ ಊರಿನ ಹೆಸರೇ ಇರುವುದಿಲ್ಲ, ಫಾರ್ ಆರ್ಡರ್ಸ್ ಅಂತ ಇರ್ತದೆ. ಅಂಥದ್ದು ಕಂಡ್ರೆ ಹೆಚ್ಚಾಗಿ ಮಾಲು ಎಲ್ಲಿ ಇಳಿಸ್ಬೇಕು ಅಂತ ಇನ್ನೂ ತೀರ್ಮಾನ ಆಗಿಲ್ಲ, ಯಾವುದೋ ಟ್ರೇಡರ್ ಫೋನಲ್ಲಿ ರೇಟು ಮಾತಾಡ್ತಾ ಇದ್ದಾನೆ, ಇಪ್ಪತ್ತು ಲಕ್ಷ ಬ್ಯಾರೆಲ್ ತುಂಬಿಸ್ಕೊಂಡು ಹಡಗು ಸಮುದ್ರದಲ್ಲಿ ಅಡ್ರೆಸ್ ಇಲ್ಲದೆ ಹೋಗ್ತಾ ಉಂಟು.

ಹಡಗಿನ ಇನ್ಶೂರೆನ್ಸಿನಲ್ಲೂ ಹೀಗೇ. ಸಮುದ್ರದ ಹಡಗುಗಳ ಸುಮಾರು 90 ಪರ್ಸೆಂಟ್ ಭಾರಕ್ಕೆ ಹೊಣೆಗಾರಿಕೆಯ ವಿಮೆ ಕೊಡುವುದು ಪಿ ಆ್ಯಂಡ್ ಐ ಕ್ಲಬ್ ಅಂತ ಕರೆಯುವ ಹನ್ನೆರಡು ಸಂಘಗಳ ಗುಂಪು. 2022ರ ಡಿಸೆಂಬರಲ್ಲಿ ರಷ್ಯಾ ಎಣ್ಣೆಗೆ ಬ್ಯಾರೆಲಿಗೆ 60 ಡಾಲರ್ ಮಿತಿ ಹಾಕಿದಾಗ ಪಶ್ಚಿಮದ ಸರ್ಕಾರಗಳು ಬಳಸಿದ ಹಗ್ಗ ಇದೇ, ಮಿತಿ ಮೀರಿದ್ರೆ ಇನ್ಶೂರೆನ್ಸ್ ಇಲ್ಲ. 2025ರ ಜುಲೈಯಲ್ಲಿ ನಯಾರಾ ಮೇಲೆ ಯುರೋಪಿಯನ್ ಯೂನಿಯನ್ ನಿರ್ಬಂಧ ಹಾಕಿದ ಮೇಲೆ ಇನ್ನೂ ವಿಚಿತ್ರ ನಡೆಯಿತು, ಮೈಕ್ರೋಸಾಫ್ಟ್ ಕಂಪೆನಿ ನಯಾರಾದ ಇಮೇಲ್ ಮತ್ತಿತರ ಸೇವೆ ನಿಲ್ಲಿಸಿತು, ನಯಾರಾ ಡೆಲ್ಲಿ ಹೈಕೋರ್ಟಿಗೆ ಹೋಯ್ತು, ಎರಡು ಮೂರು ದಿನದಲ್ಲಿ ಸೇವೆ ವಾಪಸ್ ಬಂತು. ಭಾರತದಲ್ಲಿ ಆ ನಿರ್ಬಂಧಕ್ಕೆ ಕಾನೂನಿನ ಬೆಲೆ ಇಲ್ಲ, ಆದ್ರೂ ಸಾವಿರಾರು ಬಂಕಿರುವ ಕಂಪೆನಿ ಮೇಲ್ ಕಳಿಸ್ಲಿಕ್ಕಾಗದೆ ಕೂತಿತು.

ಲೆಕ್ಕ ತೋರಿಸದವರ ಬಗ್ಗೆ ತಿಳಿಯುವುದು ಹೇಗೆ

ಶೇರು ಪೇಟೆಯಲ್ಲಿರುವವ್ರದ್ದು ಸುಲಭ, ಫಲಿತಾಂಶ ಬಂದ ದಿನ ಓದಿ. ಟ್ರೇಡರ್‌ಗಳದ್ದು ಕಷ್ಟ. ವಿಟೋಲ್ 2022ರಲ್ಲಿ ಸುಮಾರು 1,500 ಕೋಟಿ ಡಾಲರ್ ಲಾಭ ಮಾಡಿದ್ದು ಜನಕ್ಕೆ ಗೊತ್ತಾದದ್ದು ಪತ್ರಕರ್ತರು ಹುಡುಕಿ ತೆಗೆದ ಮೇಲೆ. ಟ್ರಾಫಿಗುರಾ ಬಾಂಡ್ (ಸಾಲಪತ್ರ) ಮಾರುವುದರಿಂದ ವಾರ್ಷಿಕ ವರದಿ ಹಾಕ್ತದೆ, ಅದನ್ನೊಂದು ಓದಿದ್ರೆ ಈ ಜಾತಿಯ ಕಂಪೆನಿ ಹೇಗೆ ದುಡ್ಡು ಮಾಡ್ತದೆ ಅಂತ ಅಂದಾಜು ಸಿಗ್ತದೆ.

ಅದಕ್ಕಿಂತ ಒಳ್ಳೆ ಜಾಗ ಅಮೆರಿಕದ ನ್ಯಾಯ ಇಲಾಖೆಯ ವೆಬ್‌ಸೈಟ್. ಲಂಚದ ಕೇಸಲ್ಲಿ ವಿಟೋಲ್ 2020ರಲ್ಲಿ 16 ಕೋಟಿ ಡಾಲರಿಗಿಂತ ಹೆಚ್ಚು ಕೊಟ್ಟು ರಾಜಿ ಮಾಡ್ಕೊಂಡಿತು, ಬ್ರೆಜಿಲ್, ಈಕ್ವೆಡಾರ್, ಮೆಕ್ಸಿಕೊ ವಿಷಯದಲ್ಲಿ. ಗ್ಲೆನ್‌ಕೋರ್ 2022ರಲ್ಲಿ ತಪ್ಪೊಪ್ಪಿ 110 ಕೋಟಿ ಡಾಲರಿಗಿಂತ ಹೆಚ್ಚು ಕಟ್ಟಿತು, ಟ್ರಾಫಿಗುರಾ ಬ್ರೆಜಿಲ್ ಕೇಸಿಗೆ ಮತ್ತು ಗನ್ವರ್ ಈಕ್ವೆಡಾರ್ ಕೇಸಿಗೆ 2024ರಲ್ಲಿ ತಪ್ಪೊಪ್ಪಿದವು, ಗನ್ವರಿಗೆ ಬಿದ್ದದ್ದು 66 ಕೋಟಿ. ಒಂದು ಗಮನಿಸಿ, ಕೊಟ್ಟದ್ದು ಖಾಸಗಿ ಕಂಪೆನಿ, ತಕ್ಕೊಂಡದ್ದು ಸರ್ಕಾರಿ ಎಣ್ಣೆ ಕಂಪೆನಿಯ ಅಧಿಕಾರಿಗಳು, ಹಾಗಾಗಿ ಸರ್ಕಾರಿ ಅಂದ ಕೂಡ್ಲೇ ಸತ್ಯಹರಿಶ್ಚಂದ್ರ ಅಂತ ತಿಳ್ಕೊಳ್ಳುವುದು ಬೇಡ. ಕಂಪೆನಿ ಹೆಸರು ಹಾಕಿ ಹುಡುಕಿದ್ರೆ ಮೊದ್ಲು ಪ್ರೆಸ್ ನೋಟ್ ಸಿಗ್ತದೆ, ಅದನ್ನು ಬಿಡಿ, ಅದರ ಜೊತೆ ಇರುವ ಪಿಡಿಎಫಲ್ಲಿ ಸ್ಟೇಟ್‌ಮೆಂಟ್ ಆಫ್ ಫ್ಯಾಕ್ಟ್ಸ್ ಅನ್ನುವ ಭಾಗಕ್ಕೆ ನೇರ ಹೋಗಿ, ಯಾವ ತಿಂಗಳು ಯಾವ ಬ್ಯಾಂಕಿನಿಂದ ಎಲ್ಲಿಗೆ ದುಡ್ಡು ಹೋಯ್ತು, ಮೇಲಲ್ಲಿ ಯಾರು ಎಂತ ಬರೆದರು ಅಂತ ಎಲ್ಲ ಅಲ್ಲೇ ಉಂಟು. ಇಂಗ್ಲಿಷ್ ಸ್ವಲ್ಪ ಕೋರ್ಟಿನದ್ದು, ಎರಡು ಪುಟ ದಾಟಿದ್ರೆ ಅಭ್ಯಾಸ ಆಗ್ತದೆ.